ನಹೋದಾ ಫೂಮೊ ಬಾಯಿ ಬಿಡದ ದಿನ

ಲಾಮು ದ್ವೀಪದ ನಹೋದಾ, ಎಂದರೆ ದೋಣಿಯ ನಾಯಕ, ಫೂಮೊ ಬಾಯಿ ತೆರೆದನೆಂದರೆ ಕಡಲಿನ ಅಲೆಗಳು ಕೂಡ ದಡಕ್ಕೆ ಬರುವುದನ್ನು ಮರೆತು ಕಿವಿಗೊಟ್ಟು ನಿಲ್ಲುತ್ತಿದ್ದವು. ಅಂಥವನು ಆ ಮಂಗಳವಾರ ಬೆಳಿಗ್ಗೆ ದವಡೆಗೆ ಬಟ್ಟೆ ಸುತ್ತಿಕೊಂಡು, ತುಟಿ ಹೊಲಿಸಿಕೊಂಡವನ ಹಾಗೆ ಬಂದು ಔಷಧಿ ಕಿಟಕಿಯ ಸಾಲಿನಲ್ಲಿ ನಿಂತ. ಸಾಲಿನಲ್ಲಿದ್ದ ಅರವತ್ತು ಜನವೂ ಒಟ್ಟಿಗೆ ತಿರುಗಿ ನೋಡಿದರು.

“ಏನ್ ನಹೋದಾ, ತಿಮಿಂಗಿಲ ಕಚ್ತಾ?” ಎಂದ ಸಾಲಿನಲ್ಲಿದ್ದ ಬುಶಿರಿ. ಅವನ ಬಾಯಲ್ಲಿ ಇದ್ದದ್ದೇ ಮೂರು ಹಲ್ಲು. ಉಳಿದವನ್ನು ಉಂಗಾ ತಿಂದುಹಾಕಿತ್ತು.

ಫೂಮೊ ದವಡೆ ಮುಟ್ಟಿ ತೋರಿಸಿ, “ಹಲ್ಲು” ಎಂದಷ್ಟೇ ಅಂದ.

“ನೋಡ್ರೋ ಇವನ ಜಂಬ! ಹಲ್ಲುನೋವು ಅಂದ್ರೆ ಇನ್ನೂ ಹಲ್ಲಿದೆ ಅಂತಾಯ್ತಲ್ಲ!”

ಉಂಗಾ ಎಂದರೆ ಆ ಕಡಲತೀರದ ಮಾತಿನಲ್ಲಿ ಹಿಟ್ಟು. ರೊಟ್ಟಿ ತಟ್ಟುವ ಹಿಟ್ಟಲ್ಲ, ಮನುಷ್ಯರನ್ನೇ ತಟ್ಟಿ ಸುಟ್ಟು ಬೂದಿ ಮಾಡುವ ಹಿಟ್ಟು, ಹೆರಾಯಿನ್. ಹನ್ನೆರಡು ವರ್ಷ ಫೂಮೊ ಅದನ್ನು ಮೊದಲು ಸೇದಿದ, ಆಮೇಲೆ ಚುಚ್ಚಿಕೊಂಡ. ಮೊದಲನೆಯ ಸಲ ಎದೆಯೊಳಗೆ ಬಿರುಗಾಳಿ ನಿಂತು ಕಡಲು ಕನ್ನಡಿಯಾದಂತೆ ಆಗಿತ್ತು. ಎರಡನೆಯ ವರ್ಷದಿಂದ ಸುಖದ ಸುದ್ದಿಯೇ ಇಲ್ಲ. ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟಲಿಕ್ಕೂ ಅದು ಬೇಕು. ಸಿಗದಿದ್ದರೆ ಅರೋಸ್ಟೊ. ಅರೋಸ್ಟೊ ಬಂದವನ ಎಲುಬುಗಳು ಒಂದೊಂದೂ ಬೇರೆ ಬೇರೆ ಅಳುತ್ತವೆ, ಮೂಗಿನಲ್ಲಿ ಹೊಳೆ ಹರಿಯುತ್ತದೆ, ಹೊಟ್ಟೆ ಒಗೆದ ಬಟ್ಟೆಯಂತೆ ಹಿಂಡಿಕೊಳ್ಳುತ್ತದೆ, ಕಾಲುಗಳು ಯಜಮಾನನನ್ನು ಕೇಳದೆ ಒದೆಯುತ್ತವೆ.

ಅದಕ್ಕೂ ಮುಂಚೆ ಅವನು ಎಂಥ ನಹೋದಾ! ದೋಣಿಯ ಚುಕ್ಕಾಣಿ ಹಿಡಿದರೆ ಮೂಗಿನ ಎಡಹೊಳ್ಳೆಯಿಂದ ತೆಂಕಣ ಗಾಳಿಯನ್ನೂ ಬಲಹೊಳ್ಳೆಯಿಂದ ಬಡಗಣ ಗಾಳಿಯನ್ನೂ ಮೂಸಿ, ಗಾಳಿ ಹೊರಡುವ ಮೊದಲೇ ಹಾಯಿ ಹೊರಳಿಸಿರುತ್ತಿದ್ದ. ಹಾಯಿದೋಣಿಯ ಪಂದ್ಯದಲ್ಲಿ ಅವನು ಗೆದ್ದು, ಮನೆಗೆ ಹೋಗಿ, ತೆಂಗಿನಹಾಲಿನ ಮೀನು ಅನ್ನ ಉಂಡು, ಒಂದು ನಿದ್ದೆ ತೆಗೆದು ಎದ್ದ ಮೇಲೆ ಎರಡನೆಯ ದೋಣಿ ಗುರಿ ಮುಟ್ಟುತ್ತಿತ್ತು. ಆ ಮನುಷ್ಯನೇ ಒಂದು ರಾತ್ರಿ ತನ್ನ ಮನೆಯ ಮುಂಬಾಗಿಲನ್ನು ಕಳಚಿ ಹೊತ್ತುಕೊಂಡು ಹೋಗಿ ಮಾರಿದ. ಅಜ್ಜನ ಕಾಲದ ಕೆತ್ತನೆಯ ಬಾಗಿಲು. ಹನ್ನೆರಡು ಆಳು ಎತ್ತಬೇಕಾದದ್ದನ್ನು ಅರೋಸ್ಟೊ ಹಿಡಿದಿದ್ದ ಅವನು ಒಬ್ಬನೇ ಎತ್ತಿದ. ಹೆಂಡತಿ, ಮಗಳು ಒಳಗೆ ಮಲಗಿದ್ದರು. ಒಂಬತ್ತು ವರ್ಷದ ತೀಮಾ ಬೆಳಿಗ್ಗೆ ಕಣ್ಣು ಬಿಟ್ಟಾಗ ದಿಂಬಿನ ಪಕ್ಕ ಊರಿನ ಕತ್ತೆಯೊಂದು ನಿಂತು ಅವಳ ಚಾಪೆಯನ್ನು ಮೇಯುತ್ತಿತ್ತು. ಶಾಲೆಯಲ್ಲಿ ಅವಳಿಗೆ ‘ಬಾಗಿಲಿಲ್ಲದವಳು’ ಎಂದು ಹೆಸರು ಬಿತ್ತು. ಅಂದಿನಿಂದ ನಾಲ್ಕು ವರ್ಷ ಅವಳು ಅಪ್ಪನ ಜೊತೆ ಮಾತಾಡಿಲ್ಲ. ಎದುರಿಗೆ ಬಂದರೆ ಓಣಿ ಬದಲಿಸುತ್ತಾಳೆ.

ಸಾಲು ಸರಿಯಿತು. ಕಿಟಕಿಯ ಹಿಂದೆ ಸಿಸ್ಟರ್ ಕಡ್ಜೊ ಕೂತಿದ್ದಳು. ಅವಳ ಕಣ್ಣು ತಪ್ಪಿಸಿ ಆ ಕಿಟಕಿಯನ್ನು ಸೊಳ್ಳೆಯೂ ದಾಟಿರಲಿಲ್ಲ. ಉಂಗಾ ಬಿಡುವವರಿಗೆ ದಿನಕ್ಕೊಂದು ಸಲ ಮೆಥಡೋನ್ ಎಂಬ ಮದ್ದು. ಅದನ್ನು ಅವಳೆದುರೇ ಕುಡಿಯಬೇಕು, ಮೇಲೆ ಒಂದು ಲೋಟ ನೀರು ಕುಡಿಯಬೇಕು, ಆಮೇಲೆ ಗಟ್ಟಿಯಾಗಿ ಒಂದು ಮಾತು ಆಡಬೇಕು. ಮದ್ದನ್ನು ಬಾಯಲ್ಲಿ ಅಡಗಿಸಿಕೊಂಡು ಹೊರಗೆ ಹೋಗಿ ಉಗುಳಿ ಇನ್ನೊಬ್ಬರಿಗೆ ಕೊಡುವವರಿದ್ದರು, ಅದಕ್ಕೇ ಈ ಕಟ್ಟಳೆ. ಬಾಯಿ ತುಂಬಿದವನು ಮಾತಾಡಿದರೆ ಗುಟ್ಟು ಗದ್ದದ ಮೇಲೆ ಇಳಿಯುತ್ತದೆ. ಬೇರೆಯವರೆಲ್ಲ “ಅಲ್ಹಮ್ದುಲಿಲ್ಲಾ” ಎಂದೋ “ನಾಳೆ ಬರ್ತೀನಿ ಸಿಸ್ಟರ್” ಎಂದೋ ಮುಗಿಸುತ್ತಿದ್ದರು. ಫೂಮೊ ಮಾತ್ರ ನಾಲ್ಕು ತಿಂಗಳು ಎಂಟು ದಿನದಿಂದ ದಿನಕ್ಕೊಂದು ಹೊಸ ಬೊಗಳೆ ಬಿಡುತ್ತಿದ್ದ.

“ನಿನ್ನೆ ಒಂದು ಶಾರ್ಕ್ ಮುಳುಗ್ತಿತ್ತು ಸಿಸ್ಟರ್, ನಾನೇ ಈಜು ಕಲಿಸಿ ಕಳಿಸ್ದೆ.”

“ನಾನು ಸೀನಿದ್ದಕ್ಕೇ ಈ ಸಲ ತೆಂಕಣ ಗಾಳಿ ಎಂಟು ದಿನ ಮುಂಚೆ ಬಂದಿದ್ದು.”

ಅದನ್ನು ಕೇಳಲಿಕ್ಕೆಂದೇ ಆಚೆ ದ್ವೀಪಗಳಿಂದ ಆರೋಗ್ಯವಂತರು ದೋಣಿ ಕಟ್ಟಿಕೊಂಡು ಬಂದು ರೋಗಿಗಳ ಸಾಲಿನಲ್ಲಿ ನಿಲ್ಲುತ್ತಿದ್ದರು.

ಅಸಲಿಗೆ ಆ ದಿನ ಅವನ ಹಲ್ಲಿಗೆ ಏನೂ ಆಗಿರಲಿಲ್ಲ. ನೋವಿದ್ದದ್ದು ಊರಿನ ಬಡಗಣ ತುದಿಯಲ್ಲಿ, ಕಾಂಡ್ಲಾ ಮರದ ಕಂಬಗಳ ರಾಶಿಯ ಎದುರು ಲಂಗರು ಹಾಕಿದ್ದ ಅವನ ದೋಣಿಯೊಳಗೆ. ಅಲ್ಲಿ ಹಾಯಿಬಟ್ಟೆಯ ಕೆಳಗೆ ಅವನ ತಮ್ಮ ಕೊಂಬೊ ಬಿದ್ದುಕೊಂಡಿದ್ದ. ಕೊಂಬೊ ಆರು ತಿಂಗಳು ಜೈಲಿನಲ್ಲಿ ಉಂಗಾದ ವಾಸನೆಯೂ ಇಲ್ಲದೆ ಇದ್ದು, ಬಿಡುಗಡೆಯಾದ ವಾರದಲ್ಲೇ ಮೊಂಬಾಸಾದ ಮಸ್ಕಾನಿಗೆ, ಉಂಗಾದವರು ಗುಂಪುಗೂಡುವ ಹಾಳುಮನೆಗೆ, ಮರಳಿದ್ದ. ಎರಡು ವಾರದ ಹೊಸ ಚಟ. ಫೂಮೊ ಶನಿವಾರ ಅವನನ್ನು ಅಲ್ಲಿಂದ ಹೆಗಲ ಮೇಲೆ ಹೊತ್ತು ತಂದಿದ್ದ. ಕಿಟಕಿಯಲ್ಲಿ ಹೆಸರು ಬರೆಸಬೇಕಾದರೆ ಡಾಕ್ಟರು ನೋಡಬೇಕು. ಡಾಕ್ಟರು ಬರುವುದು ಗುರುವಾರ.

“ಡಾಕ್ಟರ್ ನೋಡದೆ ಒಂದು ಹನೀನೂ ಕೊಡಲ್ಲ,” ಎಂದು ಕಡ್ಜೊ ಸೋಮವಾರವೇ ಹೇಳಿದ್ದಳು. “ಇನ್ನು ಮೂರೇ ದಿನ ಫೂಮೊ. ತಡ್ಕೊಳಕ್ಕೆ ಹೇಳು.”

ಮೂರು ದಿನವನ್ನು ಕಿಟಕಿಯ ಒಳಗಿನಿಂದ ನೋಡಿದರೆ ಮೂರು ದಿನ. ಹಾಯಿಬಟ್ಟೆಯ ಕೆಳಗಿನಿಂದ ನೋಡಿದರೆ ಮೂರು ಸಾವಿರ ವರ್ಷ. ಮಂಗಳವಾರ ಬೆಳಕು ಹರಿಯುವಾಗ ಕೊಂಬೊ ಹಲಗೆಗೆ ಹಣೆ ಚಚ್ಚುತ್ತಿದ್ದ.

“ಅಣ್ಣಾ, ಈಗ ಸುತ್ತ ಕತ್ತಿನ ಮಟ್ಟ ನೀರಿದೆ, ಈಜೋ ಶಕ್ತಿ ನನಗಿಲ್ಲ, ಅದಕ್ಕೆ ಬಿದ್ದಿದೀನಿ. ಮಧ್ಯಾಹ್ನಕ್ಕೆ ನೀರಿಳಿಯತ್ತೆ. ಇಳಿದ್ರೆ ಕೆಸರಲ್ಲಿ ನಡ್ಕೊಂಡು ಹೋಗ್ತೀನಿ. ಈ ಸಲ ಹೋದ್ರೆ ಬರಲ್ಲ, ನಿನ್ನಾಣೆ.”

“ಗುರುವಾರದ ತನಕ ತಡ್ಕೊಳೋ.”

“ನಿನ್ನ ಕಿಟಕಿ ಮದ್ದು ತಂದ್ಕೊಡು. ಬಾಯಲ್ಲಿಟ್ಕೊಂಡು ಬಾ. ಒಂದು ದಿನ ನಿನಗಿಲ್ದಿದ್ರೆ ಸತ್ತೋಗ್ತೀಯಾ?”

ಫೂಮೊ ಅರಬ್ಬರ ಕಾಲದ್ದೆನ್ನುವಷ್ಟು ಹಳೆಯ ಹಾಯಿಯ ಅಂಚು ಹರಿದು, ದವಡೆಗೆ ಸುತ್ತಿಕೊಂಡು, ನೀರಿಗಿಳಿದ. ಸತ್ತೇನೂ ಹೋಗುವುದಿಲ್ಲ ಎಂದುಕೊಂಡ. ಸಂಜೆಗೆ ಮೈ ಕೈ ಹಿಡಿಯುತ್ತದೆ, ನಾಳೆ ಕಿಟಕಿ ತೆರೆಯುವ ತನಕ ಹಲ್ಲು ಕಚ್ಚಿದರಾಯಿತು. ಅವನು ಹೆದರಿದ್ದು ಎರಡಕ್ಕೆ: ಸಿಕ್ಕಿಬಿದ್ದರೆ ಕಿಟಕಿ ತನಗೂ ಮುಚ್ಚುತ್ತದೆ, ಸಿಕ್ಕಿಬೀಳುವ ಹೆದರಿಕೆಯಲ್ಲಿ ತಡವಾದರೆ ನೀರಿಳಿಯುತ್ತದೆ.

“ಮುಂದೆ ಬಾ ಫೂಮೊ,” ಎಂದಳು ಕಡ್ಜೊ. “ಏನಿದು ವೇಷ?”

ಅವನು ದವಡೆ ತೋರಿಸಿದ.

“ಕುಡಿದಾದ ಮೇಲೆ ನೋಡ್ತೀನಿ ನಿನ್ನ ಹಲ್ಲು.”

ಲೋಟದಲ್ಲಿ ನೂರಿಪ್ಪತ್ತರ ಅಳತೆಯ ಮದ್ದು, ಕೆಂಪು ಷರಬತ್ತು ಬೆರೆತದ್ದು. ನಾಲ್ಕು ತಿಂಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ ಆ ಅಳತೆಗೆ ತಂದಿದ್ದರು. ಫೂಮೊ ಲೋಟ ಎತ್ತಿ, ಗಂಟಲು ಕುಣಿಸಿ, ಎಲ್ಲವನ್ನೂ ನಾಲಗೆಯ ಕೆಳಗೂ ಕೆನ್ನೆಯ ಒಳಗೂ ತುಂಬಿಕೊಂಡ. ಕಡ್ಜೊ ನೀರಿನ ಲೋಟ ಮುಂದೆ ದೂಡಿದಳು. ಅವಳ ಕಣ್ಣು ಅವನ ಗಂಟಲ ಗುಳ್ಳೆಯ ಮೇಲೆ ಮೊಳೆಯಂತೆ ನಾಟಿತ್ತು. ಅವನ ಬೆನ್ನಿನಲ್ಲಿ ಇಳಿದ ಬೆವರಿಗೆ ಒಂದು ಸಣ್ಣ ದೋಣಿ ತೇಲಿಸಬಹುದಿತ್ತು.

“ನೀರು.”

ಅವನು ಲೋಟ ಹಿಡಿದ.

ಅಷ್ಟರಲ್ಲಿ ಸಾಲಿನ ಹಿಂದೆ ಧಡ್ ಎಂದು ಸದ್ದಾಯಿತು. ಉಪವಾಸ ಬಂದಿದ್ದ ಒಬ್ಬ ಮುದುಕ ಬಿಸಿಲಿಗೆ ಕಣ್ಣುಕತ್ತಲೆ ಬಂದು ಬಿದ್ದಿದ್ದ. “ಸಿಸ್ಟರ್! ಸಿಸ್ಟರ್!” ಎಂದು ಅರವತ್ತು ಬಾಯಿ ಕೂಗಿದವು. ಕಡ್ಜೊ ಕಿಟಕಿ ಬಾಗಿಲು ಎಳೆದು ಬೀಗ ಹಾಕಿ ಓಡಿದಳು. ಓಡುತ್ತಲೇ ತಿರುಗಿ, “ಫೂಮೊ, ಅಲ್ಲೇ ನಿಲ್ಲು! ಮಾತಾಡದೆ ಹೋಗ್ಬೇಡ!” ಎಂದಳು.

ಫೂಮೊ ನೀರಿನ ಲೋಟವನ್ನು ಕಟ್ಟೆಯ ಮೇಲಿಟ್ಟು ನಡೆದೇಬಿಟ್ಟ.

ಹೊರಗೆ ಬಂದ ಮೇಲೆ ಅವನಿಗೆ ತನ್ನ ಲೆಕ್ಕ ಎಲ್ಲಿ ತಪ್ಪಿತ್ತೆಂದು ತಿಳಿಯಿತು. ಕಿಟಕಿ ದಾಟುವುದೇ ಕಷ್ಟ, ಉಳಿದದ್ದು ಬರೀ ನಡಿಗೆ ಎಂದುಕೊಂಡಿದ್ದ. ಆದರೆ ನಡೆಯಬೇಕಾದದ್ದು ಲಾಮುವಿನಲ್ಲಿ. ಆ ಊರಿನ ಓಣಿಗಳು ಎಷ್ಟು ಇಕ್ಕಟ್ಟೆಂದರೆ ಎರಡು ಕತ್ತೆ ಎದುರಾದರೆ ಒಂದು ತನ್ನ ಹುಟ್ಟೂರಿನವರೆಗೆ ಹಿಂದೆ ಸರಿಯಬೇಕು. ಅಂಥ ಓಣಿಯ ಇಕ್ಕೆಲದಲ್ಲೂ ಮನೆಮನೆಗೂ ಕಲ್ಲಿನ ಜಗಲಿ, ಜಗಲಿ ಜಗಲಿಗೂ ಒಬ್ಬ ಹಿರಿಯ, ಹಿರಿಯ ಹಿರಿಯನಿಗೂ ಒಂದು ನಮಸ್ಕಾರ. ಅಲ್ಲಿ ಕಿರಿಯರು ಹಿರಿಯರಿಗೆ ‘ಶಿಕಮೂ’ ಎನ್ನಬೇಕು, ನಿಮ್ಮ ಪಾದ ಹಿಡಿದೆ ಎಂದು ಅರ್ಥ. ಹಿರಿಯರು ‘ಮರಹಬಾ’ ಎಂದು ಅದನ್ನು ಒಪ್ಪಿಕೊಳ್ಳಬೇಕು. ಸಾಲ ತೀರಿಸದವನನ್ನು ಆ ಊರು ಸಹಿಸುತ್ತದೆ, ಕಳ್ಳನನ್ನೂ ಸಹಿಸುತ್ತದೆ. ನಮಸ್ಕಾರವನ್ನು ನೆಲಕ್ಕೆ ಬೀಳಿಸಿದವನನ್ನು ಹೆಣವೆಂದೇ ಲೆಕ್ಕ ಹಾಕುತ್ತದೆ.

ಮೊದಲನೆಯ ಜಗಲಿಯಲ್ಲೇ ಮ್ಜೇ ಅಬೂದ್ ಕೂತಿದ್ದ. ದೋಣಿ ಕಟ್ಟುತ್ತಿದ್ದ ತೊಂಬತ್ತರ ಮುದುಕ. ಫೂಮೊನ ದೋಣಿಯೂ ಅವನ ಕೈಯದೇ. ಶುಂಠಿ ಕಾಫಿಯ ಬಟ್ಟಲು ಕೆಳಗಿಟ್ಟು ಕಾದ. ಫೂಮೊ ಎದೆಗೆ ಕೈ ಹಚ್ಚಿ ತಲೆ ಬಾಗಿಸಿದ.

“ಏನದು? ತಲೆ ಬಾಗಿಸಕ್ಕೆ ನಾನೇನು ಮಸೀದಿಯಾ? ಬಾಯಿಂದ ಬರ್ಲಿ.”

ಫೂಮೊ ದವಡೆ ತೋರಿಸಿ, “ಮ್ಮ್” ಎಂದ.

“ಶಿಕಮೂ ಎಲ್ಲೋ ಹುಡುಗಾ? ಬಾಗಿಲು ಮಾರ್ದಂಗೆ ಅದನ್ನೂ ಮಾರ್ಕೊಂಡ್ಯಾ?”

ಎದುರು ಜಗಲಿಯವರು ನಕ್ಕರು. ಮದ್ದು ಕಹಿಯಾಗಿ ನಾಲಗೆಯ ಬೇರನ್ನು ಮರಗಟ್ಟಿಸುತ್ತಿತ್ತು. ಜೊಲ್ಲು ಊರಿ ಊರಿ, ಕಿಟಕಿಯಲ್ಲಿ ಒಂದು ಗುಟುಕಿದ್ದದ್ದು ಈಗ ಒಂದು ಕೊಡವಾಗಿತ್ತು. ಅವನು ಕೈ ಮುಗಿದು, ಮುದುಕನ ಬೈಗುಳವನ್ನು ಬೆನ್ನಿಗೆ ಹೊತ್ತುಕೊಂಡು ಮುಂದೆ ಹೋದ. ಓಣಿಯ ಸಂದಿಯಲ್ಲಿ ಕಡಲು ಕಂಡಿತು. ದಂಡೆಯ ಕಲ್ಲುಗಳು ಒದ್ದೆ ಎದೆ ತೋರಿಸುತ್ತಿದ್ದವು. ನೀರು ಇಳಿಯತೊಡಗಿತ್ತು.

ತಿರುವಿನಲ್ಲಿ ಬಿ ಸೌಮು, ಅವನ ಸೋದರತ್ತೆ, ಬಾಣಲೆಯಲ್ಲಿ ಮಹಮ್ರಿ ಕರಿಯುತ್ತಿದ್ದಳು. ಏಲಕ್ಕಿ, ತೆಂಗಿನಹಾಲು ಬೆರೆಸಿದ ಆ ಉಬ್ಬಿದ ರೊಟ್ಟಿಯ ಪರಿಮಳಕ್ಕೆ ಅರೇಬಿಯಾದ ಹಡಗುಗಳು ದಾರಿ ತಪ್ಪಿ ಬರುತ್ತಿದ್ದವು. ಆ ಪರಿಮಳಕ್ಕೆ ಫೂಮೊನ ಬಾಯಲ್ಲಿ ಇನ್ನೊಂದು ಕೊಡ ನೀರು ಬಂತು.

“ಅಯ್ಯೋ ನನ್ನ ಕಂದಾ, ಹಲ್ಲಾ? ಬಾ ಇಲ್ಲಿ, ಲವಂಗ ಇಡ್ತೀನಿ.”

ಅವನು ಜೋರಾಗಿ ತಲೆಯಾಡಿಸಿದ.

“ಹೆದರ್ಕೋಬೇಡ್ವೋ. ಕಡಲಲ್ಲಿ ಬಿರುಗಾಳಿ ನುಂಗ್ದೋನು ಲವಂಗಕ್ಕೆ ಹೆದರ್ತಾನಂತೆ! ಆ ಅನ್ನು. ಆ...”

ಅವಳ ಹಿಟ್ಟಿನ ಬೆರಳು ತುಟಿಯ ನಡುವೆ ತೂರಿಯೇಬಿಟ್ಟಿತು. ಅವನು ಹಲ್ಲು ಬಿಗಿಹಿಡಿದ. ತುಟಿಯ ಮೂಲೆಯಿಂದ ಒಂದು ಕೆಂಪು ಹನಿ ಜಾರಿ ಗದ್ದಕ್ಕೆ ಬಂತು.

“ರಕ್ತ!” ಎಂದು ಬಿ ಸೌಮು ಕಿರುಚಿದ್ದು ಆಚೆ ದಡಕ್ಕೆ ಕೇಳಿಸಿತು. “ಯಾರಾದ್ರೂ ಬನ್ರೋ, ಹುಡುಗನ ಬಾಯಲ್ಲಿ ರಕ್ತ!”

ಫೂಮೊ ಓಡಿದ.

ರಕ್ತ ಎಂಬ ಮಾತು ಅವನ ಜೊತೆಗೇ ಓಡಿ ಬಂತು. ಒಂಬತ್ತು ವರ್ಷದ ಹಿಂದೆ ಮೊಂಬಾಸಾದ ಮಸ್ಕಾನಿಯಲ್ಲಿ ಅವನು ಅರೋಸ್ಟೊ ಹಿಡಿದು, ಕೈಯಲ್ಲಿ ಬಿಡಿಕಾಸಿಲ್ಲದೆ, ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದ. ಕೊಂಬೊ ಆಗಷ್ಟೇ ಚುಚ್ಚಿಕೊಂಡಿದ್ದ, ಹಂಚಲು ಏನೂ ಉಳಿದಿರಲಿಲ್ಲ. ಮಸ್ಕಾನಿಯಲ್ಲಿ ಒಂದು ಧರ್ಮವಿತ್ತು: ಇದ್ದವನು ಬಿದ್ದವನಿಗೆ ಕೊಡಬೇಕು. ಇಪ್ಪತ್ತು ತುಂಬದ ಕೊಂಬೊ ತನ್ನ ತೋಳಿನಿಂದಲೇ ಒಂದು ಸಿರಿಂಜಿನಷ್ಟು ರಕ್ತ ತೆಗೆದು ಅಣ್ಣನ ಮುಂದೆ ಹಿಡಿದಿದ್ದ. “ನನ್ನ ರಕ್ತದಲ್ಲಿದೆ ಅಣ್ಣಾ, ತಗೋ. ಅರ್ಧ ಅರೋಸ್ಟೊ ಆದ್ರೂ ಇಳಿಯತ್ತೆ.” ಫೂಮೊ ತೆಗೆದುಕೊಂಡಿದ್ದ. ಅರೋಸ್ಟೊ ಇಳಿದಂತೆಯೇ ಆಗಿತ್ತು. ಆ ಪ್ರೀತಿಯನ್ನು ನೆನೆದು ಇಬ್ಬರೂ ತಬ್ಬಿಕೊಂಡು ಅತ್ತಿದ್ದರು. ಈ ಕಿಟಕಿಗೆ ಬಂದ ಮೊದಲ ದಿನ ರಕ್ತ ಪರೀಕ್ಷೆ ಮಾಡಿದ ಕಡ್ಜೊ ಎಚ್‌ಐವಿಗೆಂದು ಇನ್ನೊಂದು ಮಾತ್ರೆಯನ್ನೂ ಅವನ ಕೈಗಿಟ್ಟು, “ಇದನ್ನ ಸಾಯೋ ತನಕ ಬಿಡಂಗಿಲ್ಲ” ಎಂದಿದ್ದಳು. ಸಿರಿಂಜಿನ ಕಥೆ ಕೇಳಿದ ಮೇಲೆ, “ಆ ರಕ್ತದಲ್ಲಿ ಉಂಗಾ ಇರ್ಲಿಲ್ಲ ಫೂಮೊ. ಇದ್ದಿದ್ದು ಈ ರೋಗ ಒಂದೇ” ಎಂದಿದ್ದಳು.

ಆದರೂ ಕೊಟ್ಟನಲ್ಲ, ಎಂದುಕೊಳ್ಳುತ್ತ ಫೂಮೊ ಓಡಿದ. ತೋಳು ಚುಚ್ಚಿ ಕೊಟ್ಟನಲ್ಲ. ನಾನು ಬರೀ ಬಾಯಲ್ಲಿ ಹೊತ್ತು ತರಲಾರೆನೆ?

ದಂಡೆಗೆ ಇನ್ನು ಒಂದೇ ಓಣಿ. ಇಡೀ ಊರಿನಲ್ಲೇ ಇಕ್ಕಟ್ಟಾದ ಓಣಿ ಅದು. ಅಲ್ಲಿ ದಪ್ಪಗಿದ್ದವರು ಉಸಿರು ಬಿಟ್ಟು ನಡೆಯಬೇಕು. ಅವನು ನಡುವಿಗೆ ಬಂದಾಗ ಹಿಂದಿನಿಂದ ಹವಳದ ಕಲ್ಲು ಹೇರಿಕೊಂಡ ಕತ್ತೆಯೊಂದು ನುಗ್ಗಿ, ಗೋಡೆಯಿಂದ ಗೋಡೆಗೆ ಬೆಣೆ ಹೊಡೆದಂತೆ ನಿಂತಿತು. ಮುಂದಿನಿಂದ ಯಾರೋ ಬರುತ್ತಿದ್ದರು. ಮೈತುಂಬ ಕಪ್ಪು ಬುಯಿಬುಯಿ ನಿಲುವಂಗಿ, ಹೆಗಲಿಗೆ ಶಾಲೆಯ ಚೀಲ.

ತೀಮಾ.

ಅವಳೂ ಅವನನ್ನು ನೋಡಿ ನಿಂತಳು. ಹಿಂದಕ್ಕೆ ತಿರುಗಿ ನೋಡಿದಳು. ತಿರುಗಿ ಹೋಗಬಹುದಿತ್ತು, ನಾಲ್ಕು ವರ್ಷ ಹಾಗೆಯೇ ಹೋಗಿದ್ದಳು. ಹೋಗಲಿಲ್ಲ. ದವಡೆಯ ಬಟ್ಟೆ ನೋಡಿದಳು, ಗದ್ದದ ಕೆಂಪು ನೋಡಿದಳು. ಹದಿಮೂರು ವರ್ಷಕ್ಕೆ ಅವಳು ತನ್ನ ತಾಯಿಯಷ್ಟೇ ಎತ್ತರವಾಗಿದ್ದುದು ಫೂಮೊನಿಗೆ ಆಗಲೇ ಗೊತ್ತಾದದ್ದು. ಇಷ್ಟು ಹತ್ತಿರದಿಂದ ಅವನು ನೋಡಿರಲಿಲ್ಲ.

ಅವಳು ನೆಲ ನೋಡುತ್ತ ಹೇಳಿದಳು:

“ಶಿಕಮೂ, ಬಾಬಾ.”

ಕತ್ತೆ ಕಿವಿ ಬಡಿಯುವುದನ್ನು ನಿಲ್ಲಿಸಿತು. ಎಲ್ಲ ಜಗಲಿಗಳ ಎಲ್ಲ ಕಾಫಿ ಬಟ್ಟಲುಗಳೂ ತುಟಿಯ ಹತ್ತಿರವೇ ನಿಂತವು. ಆ ಮಾತು ಓಣಿಯ ನಡುವೆ ಗಾಳಿಯಲ್ಲಿ ನೇತಾಡುತ್ತಿತ್ತು. ಹಿಡಿದುಕೊಳ್ಳದಿದ್ದರೆ ಬೀಳುತ್ತದೆ, ಬಿದ್ದರೆ ಇನ್ನೆಂದೂ ಏಳುವುದಿಲ್ಲ.

ಫೂಮೊನ ಕಣ್ಣ ಮುಂದೆ ದೋಣಿ ಬಂತು, ಹಲಗೆಗೆ ಚಚ್ಚುವ ಹಣೆ ಬಂತು, ಸಿರಿಂಜು ಹಿಡಿದ ಇಪ್ಪತ್ತರ ಕೈ ಬಂತು. ಉಗುಳಿಬಿಟ್ಟು ಮಾತಾಡಲೆ? ಮಗಳ ಕಾಲ ಬುಡಕ್ಕೆ? ತಲೆಯಾಡಿಸಿ ಕೈಸನ್ನೆ ಮಾಡಲೆ? ಅಬೂದ್ ಮುದುಕನಿಗೆ ಸಲ್ಲದ ಸನ್ನೆ ಇವಳಿಗೆ ಸಲ್ಲುತ್ತದೆಯೆ?

ತೀಮಾ ಇನ್ನೂ ನೆಲವನ್ನೇ ನೋಡುತ್ತಿದ್ದಳು. ಚೀಲದ ಪಟ್ಟಿಯನ್ನು ಹಿಡಿದ ಬೆರಳುಗಳು ಬೆಳ್ಳಗಾದವು. ಒಂದು ಹೆಜ್ಜೆ ಹಿಂದೆ ಸರಿದಳು.

ಫೂಮೊ ನುಂಗಿದ. ಇಡೀ ಹಿಂದೂ ಮಹಾಸಾಗರವನ್ನೇ ನುಂಗಿದ ಹಾಗೆ ನುಂಗಿದ. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು.

“ಮರಹಬಾ,” ಎಂದ.

ಅವಳು ತಲೆಯೆತ್ತಿದಳು.

“ಹಲ್ಲುನೋವಾ?”

“ಈಗಿಲ್ಲ.”

“ದಿನಾ ಹೋಗ್ತೀಯಂತೆ, ಕಿಟಕಿಗೆ.”

“ಹ್ಞೂಂ.”

“ಶಾರ್ಕಿಗೆ ಈಜು ಕಲಿಸ್ದೆ ಅಂದಿದ್ದು ಸುಳ್ಳು ತಾನೆ?”

“ಸುಳ್ಳು.”

“ಗೊತ್ತಿತ್ತು,” ಎಂದು ಅವಳು ಗೋಡೆಗೆ ಒರಗಿ ಅವನಿಗೆ ದಾರಿ ಬಿಟ್ಟಳು. ಅವನು ದಾಟುವಾಗ ಅವಳ ಚೀಲ ಅವನ ತೋಳಿಗೆ ತಾಗಿತು. ಅಷ್ಟೇ. ಕತ್ತೆಯನ್ನು ಅವಳು ಕಿವಿ ಹಿಡಿದು ಹಿಂದಕ್ಕೆ ತಳ್ಳುವುದು ಕೇಳಿಸಿತು. ಕತ್ತೆಗಳನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗದು.

ದಂಡೆಗೆ ಬಂದಾಗ ಕಡಲು ಊರನ್ನು ಬಿಟ್ಟು ಹೋಗಿತ್ತು. ದೋಣಿ ಕೆಸರಿನಲ್ಲಿ ಪಕ್ಕಕ್ಕೆ ವಾಲಿ ಕೂತಿತ್ತು. ಕೊಂಬೊನ ಒಂದು ಕಾಲು ಆಗಲೇ ಅಂಚಿನಾಚೆಗೆ ಇಳಿದಿತ್ತು.

“ತಂದ್ಯಾ?” ಎಂದ ಕೊಂಬೊ. ಮೈಮೇಲಿನ ಕೂದಲೆಲ್ಲ ಮುಳ್ಳಾಗಿ ನಿಂತು, ತುಟಿ ನೀಲಿಯಾಗಿ, ಅವನು ಮನುಷ್ಯನಿಗಿಂತ ಪುಕ್ಕ ಕಿತ್ತ ಕೋಳಿಯಂತೆ ಕಾಣುತ್ತಿದ್ದ. “ಬಾಯಿ ಬಿಡು. ಬಾಯಿ ಬಿಡಣ್ಣಾ!”

ಫೂಮೊ ಬಾಯಿ ಬಿಟ್ಟ. ಒಳಗೆ ಕೆಂಪು ನಾಲಗೆಯೊಂದೇ ಇತ್ತು.

“ನುಂಗ್ಬಿಟ್ಟೆ.”

ಕೊಂಬೊ ಬೈದ ಬೈಗುಳಕ್ಕೆ ಕೆಸರಿನ ಏಡಿಗಳು ಕಿವಿ ಮುಚ್ಚಿಕೊಂಡು ಬಿಲ ಸೇರಿದವು. “ನಾನು ರಕ್ತ ಕೊಟ್ಟೆ ಕಣೋ ನಿನಗೆ! ರಕ್ತ!” ಎಂದು ಅಣ್ಣನ ಎದೆಗೆ ಗುದ್ದಿದ. ಗುದ್ದಿನಲ್ಲಿ ಬಲವಿರಲಿಲ್ಲ. ಫೂಮೊ ಆ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ದೋಣಿಯ ಅಂಚಿಗೆ ಒರಗಿ ನಿಂತ.

“ಬಿಡು.”

“ಬಿಡಲ್ಲ.”

“ಅಲ್ಲೇ ಹಿಡ್ಕೊಂಡಿರು ಫೂಮೊ!” ಎಂದು ದಂಡೆಯಿಂದ ದನಿ ಬಂತು. ಸಿಸ್ಟರ್ ಕಡ್ಜೊ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಬಿಳಿ ಉಡುಪನ್ನು ಮೊಣಕಾಲಿಗೆ ಎತ್ತಿ, ಕೆಸರನ್ನು ಹೆದರಿಸುತ್ತ ಬರುತ್ತಿದ್ದಳು. ದಾರಿ ಹುಡುಕುವ ಕಷ್ಟವೇ ಅವಳಿಗಿರಲಿಲ್ಲ. ಫೂಮೊ ನಮಸ್ಕಾರ ಬೀಳಿಸಿದ ಜಗಲಿಗಳೆಲ್ಲ “ಆ ಮರ್ಯಾದೆಗೆಟ್ಟವನು ಈ ಕಡೆ ಹೋದ” ಎಂದು ಒಂದೊಂದಾಗಿ ಕೈ ತೋರಿಸಿದ್ದವು.

ಅವಳು ಬಂದವಳೇ ಮೊದಲು ಕೊಂಬೊನ ರೆಪ್ಪೆ ಬಿಡಿಸಿ ಕಣ್ಣು ನೋಡಿದಳು, ಉಸಿರು ಎಣಿಸಿದಳು. 

“ಕುಡಿಸಿದ್ಯಾ ಇವನಿಗೆ? ನಿಜ ಹೇಳು. ಎಷ್ಟು ಹೊತ್ತಾಯ್ತು?”

“ಇಲ್ಲ. ನಾನೇ ನುಂಗ್ದೆ.”

“ಸುಳ್ಳು ಹೇಳಿದ್ರೆ...”

“ನುಂಗ್ಬಿಟ್ಟಾ ಸಿಸ್ಟರ್, ಹಾಳಾದೋನು,” ಎಂದು ಕೊಂಬೊನೇ ಅತ್ತ. “ಒಂದು ತೊಟ್ಟೂ ಉಳಿಸ್ಲಿಲ್ಲ.”

ಕಡ್ಜೊ ದೋಣಿಯ ಅಂಚು ಹಿಡಿದು ನಿಂತಳು. 

“ನಿನ್ನ ಲೋಟದಲ್ಲಿರೋದು ನೂರಿಪ್ಪತ್ತು. ಅಲ್ಲಿಗೇರಕ್ಕೆ ನಿನ್ನಂಥ ಹಳೇ ಮೈಗೆ ನಾಲ್ಕು ತಿಂಗಳು ಬೇಕಾಯ್ತು. ಇವನು ಆರು ತಿಂಗಳು ಜೈಲಲ್ಲಿ ಒಣಗಿ ಬಂದೋನು, ಮೂರು ದಿನದಿಂದ ಏನೂ ಇಲ್ಲ. ಇವನಿಗೆ ಡಾಕ್ಟರ್ ಶುರು ಮಾಡೋದೇ ಇಪ್ಪತ್ತರಲ್ಲಿ. ಗೊತ್ತಾ ಏನಾಗ್ತಿತ್ತು ಅಂತ?”

ಫೂಮೊ ತಮ್ಮನ ಮುಖ ನೋಡಿದ.

“ಮೊದ್ಲು ನೋವೆಲ್ಲ ಹೋಗ್ತಿತ್ತು. ‘ಅಣ್ಣಾ, ದೇವರು ನೀನು’ ಅಂತಿದ್ದ. ಸಂಜೆ ಹೊತ್ತಿಗೆ ಮಲಗ್ತಿದ್ದ. ಗೊರಕೆ ಹೊಡೀತಿದ್ದ, ದೊಡ್ಡದಾಗಿ. ನೀನು ಪಕ್ಕದಲ್ಲಿ ಕೂತು, ಪಾಪ ಮೂರು ದಿನ ಆದ್ಮೇಲೆ ನಿದ್ದೆ ಬಂತು, ಎಬ್ಬಿಸೋದು ಬೇಡ ಅಂತ ಹೊದಿಸ್ತಿದ್ದೆ. ಆಮೇಲೆ ಗೊರಕೆ ನಿಲ್ತಿತ್ತು.”

ಫೂಮೊನಿಗೆ ಮಸ್ಕಾನಿಯ ಗೊರಕೆಗಳು ನೆನಪಾದವು. ಬಿಡು, ಮಲಗಲಿ ಎಂದು ತಾನೇ ಗೋಣಿ ಹೊದಿಸಿದ್ದ ಇಬ್ಬರು ನೆನಪಾದರು. ಬೆಳಿಗ್ಗೆ ಗೋಣಿ ತೆಗೆದದ್ದೂ ತಾನೇ. ಕೊಂಬೊನ ಕಾಲು ಹಿಡಿದಿದ್ದ ಅವನ ಕೈಗಳು ಹಗ್ಗದಂತೆ ಬಿಗಿದವು.

“ಸತ್ರೆ ಸಾಯ್ತಿದ್ದೆ, ಆರಾಮಾಗಿ,” ಎಂದ ಕೊಂಬೊ.

“ನಿನಗೆ ಆರಾಮು. ಇವನಿಗೆ?” ಎಂದಳು ಕಡ್ಜೊ. ಚೀಲದಿಂದ ಹೊಟ್ಟೆ ಹಿಂಡುವುದಕ್ಕೆ, ವಾಂತಿಗೆ ಮಾತ್ರೆ ತೆಗೆದಳು, ನೀರಿಗೆ ಬೆರೆಸುವ ಉಪ್ಪುಸಕ್ಕರೆಯ ಪೊಟ್ಟಣ ತೆಗೆದಳು. “ಇದಕ್ಕೆ ಡಾಕ್ಟರ್ ಬೇಕಾಗಿಲ್ಲ. ಅರೋಸ್ಟೊ ಹೋಗಲ್ಲ, ಸ್ವಲ್ಪ ಹಗುರಾಗತ್ತೆ. ಈಗ ಇಳಿದು ಹೋಗಿ ಚುಚ್ಕೊಂಡ್ರೂ ಅದೇ ಗೊರಕೆ, ತಿಳ್ಕೋ. ಗುರುವಾರ ಇಬ್ರೂ ಬನ್ನಿ.”

ಹೊರಡಲು ತಿರುಗಿದವಳು ಮತ್ತೆ ನಿಂತಳು.

“ಫೂಮೊ. ಇವತ್ತಿನ ಮಾತು ಬಾಕಿ ಇದೆ. ಅದಿಲ್ದೆ ನಾನು ಬರ್ಕೊಳಂಗಿಲ್ಲ.”

ಫೂಮೊ ಬಾಯಿ ತೆರೆದ. ಏಡಿಗಳು, ಕೊಕ್ಕರೆಗಳು, ವಾಲಿದ ದೋಣಿ, ಎಲ್ಲವೂ ಕಾದವು. ಯಾವ ಶಾರ್ಕೂ ಬರಲಿಲ್ಲ, ಯಾವ ಬಿರುಗಾಳಿಯೂ ಬರಲಿಲ್ಲ.

“ಮಗಳು ಶಿಕಮೂ ಅಂದ್ಳು,” ಎಂದ.

ಕಡ್ಜೊ ಅವನ ಮುಖವನ್ನೇ ನೋಡಿದಳು. “ನುಂಗಿದೀಯ ಅಂತ ಬರ್ಕೋತೀನಿ,” ಎಂದು ಕೆಸರಿನಲ್ಲಿ ಹೊರಟುಹೋದಳು.

ನೀರು ಮತ್ತೆ ಏರುವುದು ಸಂಜೆಗೆ ಮುಂಚಿನ ಅಸರ್ ನಮಾಜಿನ ಹೊತ್ತಿಗೆ. ಅಲ್ಲಿಯವರೆಗೆ ದೋಣಿಗೂ ದಂಡೆಗೂ ನಡುವೆ ಬರೀ ಕೆಸರು. ಕಾಲನ್ನು ನಾಲ್ಕು ತಾಸು ಹಿಡಿದಿಡಲು ಯಾವ ಕೈಗೂ ಆಗದು. ಅರೋಸ್ಟೊ ಹಿಡಿದವನು ಹನ್ನೆರಡು ಆಳಿನ ಬಾಗಿಲು ಎತ್ತಬಲ್ಲನೆಂಬುದು ಫೂಮೊನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ದೋಣಿ ಹತ್ತಿ ತಮ್ಮನ ಪಕ್ಕ ಕೂತು, ತನ್ನಲ್ಲಿದ್ದ ಒಂದೇ ಹಗ್ಗವನ್ನು, ಮಾತನ್ನು, ಬಿಚ್ಚಿದ.

“ಇವತ್ತು ಬೆಳಿಗ್ಗೆ ನನ್ನ ಬಾಯಲ್ಲಿ ಇಡೀ ಒಂದು ಕಡಲಿತ್ತು, ಗೊತ್ತಾ?”

“ಮುಚ್ಕೊಂಡಿರು.”

“ಅದರಲ್ಲಿ ಮೀನೂ ಇದ್ವು. ಎಡಗೆನ್ನೇಲಿ ಟ್ಯೂನಾ, ಬಲಗೆನ್ನೇಲಿ ಶಾರ್ಕು. ಅಬೂದ್ ಮುದುಕ ಬಾಯಿ ತೆರಿ ಅಂತಾನೆ. ತೆರೆದಿದ್ರೆ ಅವನ ಜಗಲಿ, ಕಾಫಿ, ಹಿಡ್ಕೊಂಡು ಮುದುಕ ಮಸ್ಕತ್ ತನಕ ತೇಲಿ ಹೋಗ್ತಿದ್ದ.”

ಕೊಂಬೊ ಹೊಟ್ಟೆ ಹಿಡಿದು ನರಳಿದ. ಎದ್ದ. ಕಾಲು ಅಂಚಿಗೆ ಹಾಕಿದ. ಫೂಮೊ ಅವನ ಕಡೆ ನೋಡದೆಯೇ ಮುಂದುವರಿಸಿದ. ಬಿ ಸೌಮುವಿನ ಬೆರಳು ಬಂತು, ಲವಂಗ ಬಂತು. ಲವಂಗದ ಹಿಂದೆ ಪೆಂಬಾ ದ್ವೀಪದ ಇಡೀ ಲವಂಗದ ತೋಟ ಬಂತು. ಕೊಂಬೊ ಕಕ್ಕಿದ, ಬೈದ, ಅತ್ತ, ಎರಡು ಸಲ ಕೆಸರಿಗೆ ಇಳಿದೂಬಿಟ್ಟ. ಎರಡು ಸಲವೂ ಫೂಮೊ ಕಥೆಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ, ಕೈ ಚಾಚಿ ಕೂತ. ಎರಡು ಸಲವೂ ಆ ಕೈ ಹಿಡಿದು ಅವನು ಹತ್ತಿ ಬಂದ. ಬಿಸಿಲು ವಾಲಿತು. ಮಾತಾಡಿ ಮಾತಾಡಿ ಫೂಮೊನ ಗಂಟಲು ಹರಿದ ಹಾಯಿಯಾಯಿತು.

ಕಥೆ ಕೊನೆಗೆ ಇಕ್ಕಟ್ಟಿನ ಓಣಿಗೆ ಬಂತು. ಅಲ್ಲಿ ಅವನ ದನಿ ಸಣ್ಣದಾಯಿತು.

“ಹಿಂದೆ ಕತ್ತೆ. ಮುಂದೆ ತೀಮಾ. ನಿಂತ್ಲು. ಶಿಕಮೂ ಬಾಬಾ, ಅಂದ್ಳು.”

ಕೊಂಬೊ ಹಾಯಿಬಟ್ಟೆಯೊಳಗಿಂದ ಮುಖ ಹೊರಗೆ ಹಾಕಿದ. ಬೆವರಿನಿಂದ ಮುಖ ಹೊಳೆಯುತ್ತಿತ್ತು.

“ಸುಳ್ಳು,” ಎಂದ. “ಕಡಲು ಬಾಯಲ್ಲಿತ್ತು ಅನ್ನು, ನಂಬ್ತೀನಿ. ಇದನ್ನ ನಂಬಲ್ಲ.”

“ನಂಬ್ಬೇಡ.”

ದೋಣಿಯ ತಳದಲ್ಲಿ ಚಳಕ್ ಎಂದು ಸಣ್ಣ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ವಾಲಿದ್ದ ದೋಣಿ ಕೂದಲೆಳೆಯಷ್ಟು ನೆಟ್ಟಗಾಯಿತು. ಇಬ್ಬರೂ ಅದನ್ನು ಕೇಳಿಸಿಕೊಂಡರು. ಇಬ್ಬರೂ ಕೇಳಿಸಿಕೊಂಡವರಂತೆ ತೋರಿಸಿಕೊಳ್ಳಲಿಲ್ಲ.

“ಆಮೇಲೆ?” ಎಂದ ಕೊಂಬೊ.